ಮಾಯಕ್ಕನ ಹರಕೆ, ಮುಲ್ಕಿ ಪರೀಕ್ಷೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ರಾಯಬಾಗ ತಾಲೂಕಿನಲ್ಲಿ ಶಾಲಾ ಇನ್ಸ್‌ಪೆಕ್ಟರ್ ಆಗಿದ್ದೆ. ಏಳನೇ ತರಗತಿಗೆ ಆಗ ಪಬ್ಲಿಕ್ ಪರೀಕ್ಷೆ ಇತ್ತು. ಹಳಬರು ಅದನ್ನು ಮುಲ್ಕಿ ಎಂದೇ ಕರೆಯುತ್ತಿದ್ದರು. ಗೊತ್ತುಮಾಡಿದ ಕೇಂದ್ರಕ್ಕೇ ಹೋಗಿ, ಪರೀಕ್ಷೆ ಮುಗಿಯುವವರೆಗೆ ಆ ಊರಲ್ಲೇ ಉಳಿದು ಬರೆಯಬೇಕು. ದಿಗ್ಗೇವಾಡಿಯ ಮಕ್ಕಳಿಗೆ ಆ ವರ್ಷ ಚಿಂಚಲಿ ಕೇಂದ್ರ ಬಂದಿತ್ತು.

ಪರೀಕ್ಷೆ ಹತ್ತಿರ ಬಂದಾಗ ದಿಗ್ಗೇವಾಡಿಯ ಹೆಡ್‌ಮಾಸ್ತರರು ಮುಖ ಸಣ್ಣದು ಮಾಡಿಕೊಂಡು ಆಫೀಸಿಗೆ ಬಂದರು.

"ಸುವರ್ಣಾನ್ನ ಪರೀಕ್ಷಾಕ ಅವರಪ್ಪ ಕಳ್ಸಾಂಗಿಲ್ಲಂತ್ರಿ ಸಾಹೇಬ್ರ. ಇಡೀ ಸಾಲ್ಯಾಗ ಅಕೀನ ಶಾಣ್ಯಾಕಿ."

ಮುಲ್ಕಿ ತಪ್ಪಿದರೆ ಹೈಸ್ಕೂಲಿಲ್ಲ. ಹೈಸ್ಕೂಲಿಲ್ಲದ ಹುಡುಗಿಗೆ ಆಗ ಉಳಿಯುತ್ತಿದ್ದುದು ಮದುವೆಯೊಂದೇ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಮರುದಿನವೇ ಬಸ್ಸು ಹಿಡಿದೆ.

ಹುಡುಗಿಯ ತಂದೆ ಅಪ್ಪಾಸಾಹೇಬರು ಕಬ್ಬಿನ ಹೊಲವಿದ್ದ ಅನುಕೂಲಸ್ಥರು, ನಯವಾದ ಮನುಷ್ಯ. ಸುವರ್ಣಾಳ ಕೈಯಿಂದ ಚಹಾ ಕೊಡಿಸಿದರು. ಉಚಿತ ಪುಸ್ತಕ, ಸರ್ಕಾರದ ಸವಲತ್ತು, ಸಮಾನ ಶಿಕ್ಷಣ ಎಂದು ನಾನು ಗಂಟಲು ಹರಿದುಕೊಂಡೆ.

"ಖರೇ ಐತ್ರಿ," ಎಂದರು ಅವರು. "ಹ್ವಾದ ವರ್ಸ ಮಗಾ ಹೋಗಿ ಬರದ ಬಂದಾನ. ಆದ್ರ ದೊಡ್ಡಾಕಿ ಆದ ಹುಡಿಗಿ ಪರಊರಾಗ ವಸ್ತಿ ಇದ್ರ ಮಂದಿ ಏನಂದಾರ್ರಿ?"

ಅವರ ತಾಯಿ ಬಾಯವ್ವ ಒಳಬಾಗಿಲಲ್ಲಿ ಕುಳಿತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನಾನು ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಿದೆ.

ಪರೀಕ್ಷೆಯ ಮೊದಲ ದಿನ ಚಿಂಚಲಿ ಕೇಂದ್ರದ ಕೋಣೆಗೆ ಕಾಲಿಡುತ್ತೇನೆ, ಸುವರ್ಣಾ ತಲೆ ಬಗ್ಗಿಸಿ ಬರೆಯುತ್ತಿದ್ದಾಳೆ! ಹೊರಗೆ ಬೇವಿನ ಮರದ ಕೆಳಗೆ ಬಾಯವ್ವ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು.

"ಮಾಯಕ್ಕನ ಗುಡ್ಯಾಗ ವಸ್ತಿ ಇರ್ತೀನಂತ ಹರಕಿ ಹೊತ್ತೀನ್ರಿ," ಎಂದು ನಕ್ಕರು. "ಮುದುಕಿಗೆ ನೀರ ತಂದ್ಕೊಡಾಕ ಮೊಮ್ಮಗಳ ಬೇಕಲ್ರಿ?"

ಆ ಕಡೆ ಮನೆಯ ಹಿರಿಯಳು ಚಿಂಚಲಿಯ ದೇವಿ ಮಾಯಕ್ಕನ ಹೆಸರು ಹೇಳಿದ ಮೇಲೆ ಯಾರೂ ಕಾರಣ ಕೇಳುವುದಿಲ್ಲ. ಮಗ ಬಂಡಿ ಕಟ್ಟಲೇಬೇಕು. ಅಬ್ಬಾ ಮುದುಕಿ, ಎಂದುಕೊಂಡೆ.

ಕೊನೆಯ ದಿನ ಅಪ್ಪಾಸಾಹೇಬರು ಬಂಡಿ ತೆಗೆದುಕೊಂಡು ನೇರ ಶಾಲೆಯ ಬಾಗಿಲಿಗೇ ಬಂದರು. ಹರಕೆಯ ಗುಟ್ಟು ಬಯಲಾಯಿತು ಎಂದುಕೊಂಡೆ. ಏನೋ ಸಮಜಾಯಿಷಿ ಹೇಳಹೋದೆ.

"ಇರ್ಲಿ ಬಿಡ್ರಿ ಸಾಹೇಬ್ರ. ಮೊದಲ ದಿನಾನ ತಿಳದಿತ್ತ. ಪರೀಕ್ಷಾ ಪ್ಯಾಡ್ ಬಗಲಾಗ ಇಟಗೊಂಡ ಯಾರ್ ಗುಡಿಗೆ ಹೋಗ್ತಾರ್ರಿ? ಊರಾಗ ಹೇಳಾಕ ನನಗೂ ಒಂದ ಮಾತ ಬೇಕಾಗಿತ್ತ."

ನನಗೆ ನಗು ತಡೆಯಲಾಗಲಿಲ್ಲ. ಬಾಯವ್ವ ಮಾತ್ರ ನಗಲಿಲ್ಲ. ಬಂಡಿ ಹತ್ತಿ ಕುಳಿತು ಮಗನನ್ನು ಕೇಳಿದರು:

"ಇಲ್ಲಿ ಹೈಸ್ಕೂಲ ಮೂರ ವರ್ಸ ಐತೆಲ್ಲೋ ಅಪ್ಪಾ. ಅಲ್ಲೀತನಾ ನಾ ಗುಡ್ಯಾಗ ಕುಂಡ್ರಲೇನ?"

ಅಪ್ಪಾಸಾಹೇಬರು ಎತ್ತಿನ ಹಗ್ಗ ಸರಿಮಾಡಿದರು. ಸುವರ್ಣಾ ಪ್ಯಾಡ್ ಹಿಡಿದು ಅಜ್ಜಿಯ ಪಕ್ಕ ಹತ್ತಿ ಕುಳಿತಳು.

"ಬ್ಯಾಡ ಬೇ ಯವ್ವಾ," ಎಂದರು ಕೊನೆಗೆ. "ಕೇಳಿದವ್ರಿಗೆ, ಮಗಳ ಸಾಲಿಗೆ ಹೋಗ್ತಾಳಂತ ನಾನ ಹೇಳ್ತೀನಿ."

ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ ಕೊಟ್ಟರೆ ಸಮಾನ ಶಿಕ್ಷಣವಾಯಿತು ಎಂದು ಅಲ್ಲಿಯವರೆಗೆ ನಂಬಿದ್ದೆ. ಮಗ ಪರೀಕ್ಷೆಗೆ ಹೊರಟರೆ ಊರು ಏಕೆಂದು ಕೇಳುವುದಿಲ್ಲ. ಮಗಳು ಹೊರಟರೆ ಕೇಳುತ್ತದೆ. ಆಮೇಲೆ ಯಾವ ಊರಿಗೆ ಹೋದರೂ ನಾನು ಭಾಷಣ ಮಾಡಲಿಲ್ಲ. ಹುಡುಗಿಯ ಅಪ್ಪನ ಪಕ್ಕದಲ್ಲಿ ಕುಳಿತು, ಮಂದಿಗೆ ಏನು ಹೇಳುತ್ತೀರಿ ಎಂದು ಮೊದಲು ಕೇಳುತ್ತಿದ್ದೆ.