ಕಡಲಪಾಚಿಗೆ ಎರಡು ಬೊಗಸೆ ಉಪ್ಪು

ಗೆಳತಿಯರೇ, ಕೇಳಿ. ಕಾರವಾರದ ಕಡಲಪಾಚಿಯ ಬಂಡೆಯೊಂದನ್ನು ಮೀನುಗಳ ಸಮೇತ ನಾನು ಕಲಿಸುವ ಬನಹಟ್ಟಿ ಶಾಲೆಯ ಗಾಜಿನ ತೊಟ್ಟಿಯಲ್ಲಿ ಅಲ್ಲಿದ್ದಂತೆಯೇ ಕಟ್ಟಿ ತೋರಿಸಬೇಕೆಂಬುದು ನನ್ನ ಯೋಜನೆ. ಪಾಚಿ ಇಲ್ಲಿ ಬದುಕಿದ್ದನ್ನು ಕಂಡರಷ್ಟೇ ಒಪ್ಪಿಗೆ ಎಂದಿದ್ದಾರೆ ನಮ್ಮೂರನ್ನಾಳುವ ಮುಂಬಯಿ ಸರಕಾರದ ಶಾಲಾ ಇನ್ಸ್‌ಪೆಕ್ಟರ್ ಸಾಹೇಬರು. ಅದಕ್ಕೇ ಸಮುದ್ರದ ನೀರಿನಲ್ಲೇ ತರಿಸಿದ ಪಾಚಿಯನ್ನು ಮನೆಯ ಭರಣಿಯಲ್ಲಿಟ್ಟು ಕಾಯುತ್ತಿದ್ದೆ.

ಇವತ್ತು ಸಂಜೆ ಬಂದು ನೋಡಿದರೆ, ನೂಲಿಗೆ ಬಣ್ಣ ಹಾಕುವ ನಮ್ಮಪ್ಪ ಭರಣಿಯ ಮುಂದೆ ಕೈ ಒರೆಸಿಕೊಳ್ಳುತ್ತಿದ್ದಾರೆ.

"ಬಣ್ಣ ಬಿಡಾಕತ್ತಿತ್ತವ್ವ. ಬಣ್ಣ ನಿಲ್ಲಲಿ ಅಂತ ನೂಲಿಗೆ ಹಾಕಿದಂಗ ಎರಡು ಬೊಗಸಿ ಉಪ್ಪು ಹಾಕೇನಿ."

"ಅಪ್ಪಾ, ಸಮುದ್ರದ ನೀರಿಗೆ ಉಪ್ಪಾ? ಪಾಚಿ ಸತ್ತರ?"

"ಅದು ನನಗ ಗೊತ್ತಿಲ್ಲ. ಬಣ್ಣ ಮಾತ್ರ ಹೋಗಂಗಿಲ್ಲ."

ನಾಳೆ ಸಾಹೇಬರು ಬರುತ್ತಾರೆ. ಬದುಕಿದೆಯೇ ಎಂದು ಕೇಳಿದರೆ, ಬಣ್ಣ ಗಟ್ಟಿಯಾಗಿದೆ ಸಾಹೇಬರೇ ಎನ್ನುವುದೊಂದೇ ಉಳಿದಿದೆ.