ಹೊಳೆಯ ನೀರು ನುಂಗಿದ ಬೆಳಿಗ್ಗೆ

ದೋಣಿ ಕಾಳಿ ಹೊಳೆಯ ನಡುವೆ ಓಲಾಡಿದಾಗ ಹುಟ್ಟಿನಿಂದ ಸಿಡಿದ ನೀರು ನೇರ ನನ್ನ ಬಾಯಿಗೇ ಬಿತ್ತು; ನುಂಗಿಬಿಟ್ಟೆ. ಅಂದು ಕಾರವಾರದ ಇಗರ್ಜಿಯಲ್ಲಿ ನನಗೆ ಮೊದಲ ಪರಮಪ್ರಸಾದ. ಪೂಜೆಯಲ್ಲಿ ಪಾದ್ರಿಗಳು ಕೊಡುವ ಆ ಪವಿತ್ರ ರೊಟ್ಟಿಯನ್ನು ಸ್ವೀಕರಿಸುವವರು, ಆಗಿನ ಕಟ್ಟಳೆಯಂತೆ, ನಡುರಾತ್ರಿಯಿಂದ ಹನಿ ನೀರನ್ನೂ ಮುಟ್ಟುವಂತಿಲ್ಲ.

"ಉಗುಳೇ ಹೆಣ್ಣೇ!" ಎಂದಳು ಅಮ್ಮ.

"ಒಳಗೆ ಹೋಯ್ತು."

ಅಮ್ಮನ ಮುಖ ಬಿಳುಚಿತು. ಹುಟ್ಟು ಹಾಕುತ್ತಿದ್ದ ತಾರಿಯವ ನಕ್ಕ: "ಒಂದು ಗುಟುಕು ಉಪ್ಪುನೀರಿಗೆಲ್ಲ ನಿಮ್ಮ ದೇವ್ರು ಸಿಟ್ಟಾಗ್ತಾನ್ರಾ, ಬಾಯೋರೆ?" ದಡ ನಮ್ಮ ಕಡೆ ತೇಲಿ ಬರುತ್ತಿತ್ತೋ, ದೂರ ಸರಿಯುತ್ತಿತ್ತೋ ನನಗೆ ತಿಳಿಯಲಿಲ್ಲ.

ಇಗರ್ಜಿಯ ಬಾಗಿಲಲ್ಲಿ ಪಾದ್ರಿಗಳಿಗೆ ಅಳುತ್ತಲೇ ಎಲ್ಲ ಹೇಳಿದೆ.

"ನಾನೂ ಈಗ ಅದೇ ಹೊಳೆ ದಾಟಿ ಬಂದೆ, ಮಗಾ. ನನಗೂ ಒಂದು ಗುಟುಕು ಹೋಯ್ತು. ಹಾಗಂತ ಪೂಜೆ ಬಿಡ್ಲಾ? ಹೋಗು, ಸಾಲಲ್ಲಿ ನಿಲ್ಲು."

ಪಾದ್ರಿಗಳೂ ನಮ್ಮಂತೆಯೇ ಪೂಜೆಗೆ ಮುಂಚೆ ಉಪವಾಸವಿರುತ್ತಾರೆಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ.

ಆ ಬೆಳಿಗ್ಗೆ ಮಂಜಿತ್ತೆಂದು ನಾನು ಹೇಳುತ್ತೇನೆ, ಎಳೆಬಿಸಿಲಿತ್ತೆಂದು ಅಮ್ಮ, ಇಬ್ಬರನ್ನೂ ನಂಬಬೇಡಿ. ಪಾದ್ರಿಗಳಿಗೆ ನಿಜಕ್ಕೂ ಗುಟುಕು ಹೋಗಿತ್ತೋ, ಅದೂ ಗೊತ್ತಿಲ್ಲ. ಈಗಲೂ ಪೂಜೆಯಲ್ಲಿ ಯಾವ ಪಾದ್ರಿಗಳ ಕೈ ಸ್ವಲ್ಪ ನಡುಗಿದರೂ, ಪಾಪ, ಇವರೂ ಇನ್ನೂ ಏನೂ ತಿಂದಿಲ್ಲ ಅಂದುಕೊಳ್ಳುತ್ತೇನೆ.