ತಂತಿಗೆ ಕಟ್ಟಿದ ಕೆಂಪು ಬಟ್ಟೆ

ಲೀಲಕ್ಕ, ತಂತಿಯಲ್ಲಿದ್ದ ಕೆಂಪು ಬಟ್ಟೆ ನಾನು ಕಟ್ಟಿದ್ದು. ನೀವು ಬಿದ್ದ ಮೇಲೆ.

ಮರ್ಕಂಜದಲ್ಲಿ ಎಲ್ಲರೂ ಇಂದಿಗೂ ನಂಬಿರುವುದು ಬೇರೆ — ಹಂದಿಗೆಂದು ಎಳೆದ ಬೇಲಿ, ಗುರುತಿಗೆ ಬಟ್ಟೆಯೂ ಇತ್ತು, ನೀವೇ ನೋಡದೆ ಸ್ಕೂಟರ್ ನುಗ್ಗಿಸಿದಿರಿ. ಬೇಲಿ ಎಳೆದವರು ದಾರಿಹೋಕರಿಗೆ ಕಾಣಲೆಂದು ಬಟ್ಟೆ ಕಟ್ಟುವುದು ನಮ್ಮ ಕಡೆಯ ರೂಢಿ. ಆ ರೂಢಿಯನ್ನೇ ನಾವು ಸುಳ್ಳಿಗೆ ಬಳಸಿದೆವು.

ನಿಮ್ಮ ಮನೆಗೆ ಇದ್ದದ್ದು ಅದೊಂದೇ ದಾರಿ, ನನ್ನ ಸೋದರಮಾವನ ಜಾಗದ ಅಂಚಿನಲ್ಲಿ. ಅಜ್ಜ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಅಜ್ಜ ಸತ್ತ ಮೇಲೆ ಅದನ್ನು ಮುಚ್ಚುವುದೇ ಮಾವನ ಉದ್ಯೋಗವಾಯಿತು. ಮುಳ್ಳು ಹಾಕಿದ, ನೀವು ಸರಿಸಿದಿರಿ. ಗೊಬ್ಬರದ ರಾಶಿ ಹಾಕಿಸಿದ, ನೀವು ಬದಿಯಿಂದ ದಾಟಿದಿರಿ. ಎದುರು ನಿಂತು ಒಂದು ಮಾತಾಡುವ ಧೈರ್ಯವಿಲ್ಲದ ಮನುಷ್ಯ! ಸಿಕ್ಕಾಗ "ಚಾ ಆಯ್ತಾ ಲೀಲಕ್ಕ?" ಎಂದು ಹಲ್ಲು ಕಿರಿಯುತ್ತಿದ್ದ. ಇನ್ನೊಬ್ಬರ ಕಾಲಿಗೆ ಅಡ್ಡ ಹಾಕುವುದನ್ನೇ ಬುದ್ಧಿವಂತಿಕೆ ಎಂದುಕೊಂಡವನು. ಅವನ ಅನ್ನ ತಿಂದು ಪದವಿ ಮುಗಿಸಿದ ನಾನು — ಅವನಿಗಿಂತ ಕೀಳು.

ಆ ಬೆಳಿಗ್ಗೆ ಅವನು ದಾರಿಗೆ ಅಡ್ಡವಾಗಿ ತಂತಿ ಎಳೆಯುವುದನ್ನು ಅಂಗಳದಿಂದ ನೋಡಿದೆ. ಕುತ್ತಿಗೆಯ ಎತ್ತರಕ್ಕೆ. ಯಾವ ಹಂದಿ ಅಷ್ಟೆತ್ತರ ಇರುತ್ತದೆ — ಕೇಳಬೇಕಿತ್ತು. ಹಾಲು ಕೊಡಲು ಹೊರಟ ನಿಮ್ಮ ಸ್ಕೂಟರಿನ ಸದ್ದು ಬಂತು. ಕೂಗಬೇಕಿತ್ತು — ಬಾಯಲ್ಲಿ ಬ್ರಶ್ ಇತ್ತು, ತೆಗೆಯಲಿಲ್ಲ.

ತಂತಿ ನಿಮ್ಮ ಹೆಲ್ಮೆಟ್ಟಿಗೆ ಸಿಕ್ಕಿತು. ಬೆರಳಿನಷ್ಟು ಕೆಳಗಿದ್ದರೆ — ಈಗಲೂ ಕಣ್ಣು ಮುಚ್ಚಿದರೆ ಅದು ಕೆಳಗೇ ಬರುತ್ತದೆ.

ಚೆಲ್ಲಿದ ಹಾಲಿನಲ್ಲಿ ಎಚ್ಚರ ತಪ್ಪಿ ಬಿದ್ದಿದ್ದಿರಿ, ತೋಳು ಮುರಿದು. ಮಾವ ನಿಮ್ಮತ್ತ ನೋಡಲೇ ಇಲ್ಲ. ಹಗ್ಗದಲ್ಲಿ ಒಣಗುತ್ತಿದ್ದ ಮೈ ಒರೆಸುವ ಕೆಂಪು ಬೈರಾಸು ಎಳೆದು ನನ್ನ ಕೈಗೆ ತುರುಕಿದ.

"ಎಂತ ನೋಡುದು? ಜನ ಬರುವ ಮೊದಲು ಹರಿದು ಕಟ್ಟು ಮಾರಾಯ."

ಕಟ್ಟಿದೆ. ಆಮೇಲೆ ನಿಮ್ಮನ್ನು ಎತ್ತಿದೆ. ಅದೇ ಕ್ರಮದಲ್ಲಿ.

"ಇಷ್ಟು ಕೆಂಪು ಉಂಟು, ಕಾಣುದಿಲ್ವಾ ಮಾರಾಯ್ರೆ?" ಎಂದರು ಬಂದವರು. ನನ್ನನ್ನು ಕೇಳಿದರು. ಬಟ್ಟೆ ಮೊದಲೇ ಇತ್ತು ಎಂದೆ. ಕಲಿತ ಹುಡುಗ ಹೇಳಿದನೆಂದು ನಂಬಿದರು. ಏನೂ ನೆನಪಿಲ್ಲದ ನೀವೂ ಆಸ್ಪತ್ರೆಯಲ್ಲಿ, "ನನ್ನ ಗಮನ ಎಲ್ಲಿತ್ತೋ" ಎಂದಿರಿ. ನಾನು ತಲೆಯಾಡಿಸಿದೆ — ಹೌದೆಂಬಂತೆ.

ತಪ್ಪು ನಿಮ್ಮದೇ ಎಂದುಕೊಂಡು, ದಾರಿಗಾಗಿ ಮಾವನ ಮೇಲೆ ಮೊದಲೇ ಕೊಟ್ಟಿದ್ದ ದೂರನ್ನೂ ನೀವು ಹಿಂತೆಗೆದುಕೊಂಡಿರಿ. ಈಗ ತೋಡಿನ ನೀರು ದಾಟಿ, ಗುಡ್ಡ ಸುತ್ತಿ ಹಾಲು ಹೊರುತ್ತೀರಿ. ಮಾವ ಅದನ್ನು ಗೆಲುವು ಎನ್ನುತ್ತಾನೆ.

ಕ್ಷಮೆ ಕೇಳುವುದಿಲ್ಲ, ಅದನ್ನು ಕೊಡುವ ಹೊರೆಯೂ ನಿಮ್ಮ ಮೇಲೆ ಬೇಡ. ದೂರು ಮತ್ತೆ ಕೊಡಿ. ನನ್ನನ್ನು ಸಾಕ್ಷಿಗೆ ಕರೆಯಿರಿ — ಕರೆಯದಿದ್ದರೂ ಬರುತ್ತೇನೆ.